ಹಾಲು ಬಂದಾವ ಅಂದ್ರ ನಾಯಿ ಗಬ್ಬ ಅಲ್ಲ
ಜತ್ತ: ಕಾರವಾನಿ ನಾಯಿ ಸಾಕುವ ಸಾಂಗ್ಲಿ, ಸೊಲ್ಲಾಪುರ ಭಾಗದ ತೋಟದ ವಸ್ತಿಗಳಲ್ಲಿ 'ಹೊಟ್ಟಿ ಬಂದೈತಿ, ಹಾಲೂ ಅದಾವ, ಮರಿ ಯಾಕ ಹಾಕವಲ್ದು?' ಎಂಬ ಪ್ರಶ್ನೆ ಹೊಸದಲ್ಲ.

ಎಷ್ಟೋ ಸಲ ಒಳಗೆ ಮರಿಗಳೇ ಇರುವುದಿಲ್ಲ. ಬೆದೆ ಮುಗಿದ 6ರಿಂದ 8 ವಾರಕ್ಕೆ, ಗಂಡಿನ ಜೋಡಿಯಾಗದ ನಾಯಿಗೂ ಮೊಲೆ ದಪ್ಪಗಾಗಿ ಹಾಲು ಬರಬಹುದು; ಮೂಲೆ ಕೆದರಿ, ಹರಕು ಚಿಂದಿಯನ್ನೇ ಮರಿಯೆಂದು ಕಾಯುವುದೂ ಉಂಟು. ಈ ಸುಳ್ಳು ಗಬ್ಬ ಸಾಮಾನ್ಯವಾಗಿ 2-3 ವಾರದಲ್ಲಿ ತಾನೇ ಇಳಿಯುತ್ತದೆ. ಹಾಲು ಹಿಂಡಬಾರದು, ಹಿಂಡಿದಷ್ಟೂ ಹೆಚ್ಚುತ್ತದೆ. ಅನುಮಾನವಿದ್ದರೆ ಜೋಡಿಯಾದ ತಿಂಗಳ ಮೇಲೆ ಸೋನೋಗ್ರಫಿ ಮಾಡಿಸಬಹುದು.

ನಿಜವಾದ ಗಬ್ಬಕ್ಕೆ ಸುಮಾರು 63 ದಿನ. ಜೋಡಿಯಾದ ದಿನದಿಂದ ಎಣಿಸಿದರೆ 57ರಿಂದ 72. ಹಾಗಾಗಿ 65ಕ್ಕೇ ಗಾಬರಿ ಬೇಡ, 72 ದಾಟಲೂ ಬಿಡಬಾರದು. ಮರಿಗಿಂತ ಮೊದಲೇ ಹಸಿರು ನೀರು ಹೋದರೆ, ಅರ್ಧ ತಾಸು ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಬೆಳಗಿನತನಕ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅಂಗಡಿಯಿಂದ ಬೇನೆ ಇಂಜೆಕ್ಷನ್ ತಂದು ಚುಚ್ಚುವ ಜಾಣರಿದ್ದಾರೆ. ಮರಿ ಅಡ್ಡ ಸಿಕ್ಕಿದ್ದರೆ ಗರ್ಭಚೀಲವೇ ಹರಿದು ತಾಯಿಯ ಜೀವಕ್ಕೂ ಸಂಚಕಾರ.