ಹಳೆಯ ಹಾಡಿಗೆ ಹೊಸ ಒಗ್ಗರಣೆ

ಶ್ರಾವಣ ಸೋಮವಾರದ ಸಂಜೆ. ಇಳಕಲ್ಲಿನ ಒಂದು ನೇಕಾರರ ಓಣಿ. ಪಡಸಾಲೆಯಲ್ಲಿಟ್ಟ ಮೊಬೈಲಿನಿಂದ ಶಿಶುನಾಳ ಷರೀಫರ ಗುಡುಗುಡಿಯ ಪದ ಗಿಟಾರು, ಡ್ರಮ್ಮುಗಳ ಅಬ್ಬರದೊಡನೆ ಹೊರಟಿದೆ. ಸೊಸೆ ಅದೇ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದಾಳೆ. ದೇವರ ಮನೆಯಿಂದ ಅತ್ತೆಯ ದನಿ ಬರುತ್ತದೆ: “ಇದೇನವಾ ಈ ಗದ್ದಲಾ! ಷರೀಫಜ್ಜನ ಪದಾನೋ, ಲಾರಿ ಸಪ್ಪಳಾನೋ?” ಸೊಸೆ ನಗುತ್ತಾಳೆ: “ಪದಾ ಅದಽ ಐತ್ರೀ ಅತ್ತಿ. ಒಗ್ಗರಣಿ ಅಷ್ಟ ಬ್ಯಾರೆ!”

ಈ ಜಗಳ ಬಾಗಲಕೋಟೆಯ ನವನಗರದಲ್ಲಿ ನಡೆಯಬಹುದು, ಬಾದಾಮಿಯ ಅಗಸಿಯ ಬಳಿ ನಡೆಯಬಹುದು, ನಿಮ್ಮ ಮನೆಯಲ್ಲೂ ನಡೆದಿರಬಹುದು. ಅತ್ತೆಯ ಕಿವಿ ಸರಿಯೋ, ಸೊಸೆಯ ಕಿವಿ ಸರಿಯೋ? ತೀರ್ಪು ಕೊಡುವ ಮೊದಲು ಒಂದು ಮಾತು ತಿಳಿದುಕೊಳ್ಳುವುದು ಒಳ್ಳೆಯದು. ‘ಹಳೆಯ ಹಾಡು ಹೊಸದಾಗಿ ಬಂದಿದೆ’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರಲ್ಲಿ ಮೂರು ಬಗೆ ಉಂಟು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೆಳಗಿದ ತಂಬಿಗೆ

ಮೊದಲನೆಯದು, ಹಳೆಯ ಧ್ವನಿಮುದ್ರಿಕೆಯನ್ನು ತೊಳೆಯುವುದು. ಹಿತ್ತಾಳೆಯ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತೀರಲ್ಲ, ಹಾಗೆ. ತಂಬಿಗೆ ಅದೇ, ಕಿಲುಬು ಮಾತ್ರ ಹೋಗುತ್ತದೆ.

ನಮ್ಮ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರನ್ನು ನೆನೆಯಿರಿ. 1943ರ ‘ಕಿಸ್ಮತ್’ ಹಿಂದೀ ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಹಾಡಿದವರು. ಆ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಆ ಕಾಲದ ಕರಿಯ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು ಹಿಡಿಸಿದರೆ ಹೆಚ್ಚು. ಮುಳ್ಳು ಉಜ್ಜಿ ಉಜ್ಜಿ ತಟ್ಟೆ ಸವೆದು, ಹಾಡಿನೊಡನೆ ಬಾಣಲೆಯಲ್ಲಿ ಎಣ್ಣೆ ಚುರ್‌ಗುಟ್ಟಿದಂಥ ಸದ್ದೂ ಸೇರಿಕೊಂಡಿತು. ಈಗ ಯಂತ್ರಗಳು ಆ ಚುರ್‌ಗುಟ್ಟುವಿಕೆಯನ್ನು ತೆಗೆದುಹಾಕುತ್ತವೆ. ಅಮೀರಬಾಯಿಯ ದನಿ ಮಗ್ಗುಲಲ್ಲೇ ಕುಳಿತು ಹಾಡಿದಂತೆ ಕೇಳುತ್ತದೆ.

ಆದರೆ ಇದಕ್ಕೂ ಒಂದು ಹದ ಬೇಕು. ತಂಬಿಗೆಯನ್ನು ಅತಿಯಾಗಿ ತಿಕ್ಕಿದರೆ ಅದರ ಮೇಲೆ ಕೊರೆದ ಹೆಸರೂ ಸವೆಯುತ್ತದೆ. ಸದ್ದು ತೆಗೆಯುವ ಭರದಲ್ಲಿ ದನಿಯ ಮೇಲಿನ ಹೊಳಪು, ಉಸಿರಿನ ಎಳೆ, ಗೆಜ್ಜೆಯಂಥ ಸಣ್ಣ ನಾದ ಎಲ್ಲವೂ ಕಸದೊಡನೆ ಹೊರಗೆ ಹೋಗುತ್ತವೆ. “ಚೊಕ್ಕ ಆಗೇತಿ ಖರೆ, ಜೀವಾನೇ ಇಲ್ಲ” ಎಂದು ಹಿರಿಯರು ಗೊಣಗಿದರೆ ಅದು ಬರಿಯ ಹಟವಲ್ಲ. ಅವರ ಕಿವಿಗೆ ಕಳೆದುಹೋದದ್ದೇನು ಎಂಬುದು ಗೊತ್ತು.

ಸಾರಿಗೆ ಬಿದ್ದ ಉಪ್ಪು

ಎರಡನೆಯದು, ಮತ್ತೆ ಬೆರೆಸುವುದು. ರೀಮಿಕ್ಸ್ ಎಂಬ ಮಾತಿನ ನಿಜವಾದ ಅರ್ಥ ಇದೇ. ಇದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆ ಇಂಗ್ಲೆಂಡಿನದು.

ಬೀಟಲ್ಸ್ ಎಂಬ ನಾಲ್ವರು ಹುಡುಗರ ತಂಡದ ಹೆಸರು ಕೇಳಿರುತ್ತೀರಿ. 1968ರಲ್ಲಿ ಹೃಷಿಕೇಶಕ್ಕೆ ಧ್ಯಾನ ಕಲಿಯಲು ಬಂದಿದ್ದವರು. ಅದಕ್ಕೂ ಒಂದು ವರ್ಷ ಮೊದಲು, 1967ರಲ್ಲಿ, ಅವರು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಹಾಡುಗಳ ತಟ್ಟೆಯನ್ನು ತಂದರು. ಅದರ ಒಂದು ಹಾಡಿನಲ್ಲಿ ನಮ್ಮ ದಿಲ್‌ರುಬಾ, ತಬಲಾ, ಸಿತಾರಗಳೂ ಇವೆ. ಆ ಹಾಡು ಕಟ್ಟಿದ ಜಾರ್ಜ್ ಹ್ಯಾರಿಸನ್ ಪಂಡಿತ ರವಿಶಂಕರರ ಶಿಷ್ಯ.

ಆಗಿನ ಯಂತ್ರದಲ್ಲಿ ಒಂದು ಟೇಪಿನ ಮೇಲೆ ನಾಲ್ಕು ಸಾಲು ಮಾತ್ರ. ಹಾಡುಗಾರಿಕೆ ಒಂದರಲ್ಲಿ, ವಾದ್ಯಗಳು ಉಳಿದವುಗಳಲ್ಲಿ. ನಾಲ್ಕೂ ತುಂಬಿದ ಮೇಲೆ ಅವನ್ನು ಕೂಡಿಸಿ ಇನ್ನೊಂದು ಟೇಪಿನ ಒಂದೇ ಸಾಲಿಗೆ ಇಳಿಸಿ, ಉಳಿದ ಸಾಲುಗಳಲ್ಲಿ ಹೊಸ ವಾದ್ಯ ಸೇರಿಸುತ್ತಿದ್ದರು. ಪ್ರತಿ ಸಲ ಇಳಿಸಿದಾಗಲೂ ನಾದ ಕೊಂಚ ಮಾಸುತ್ತಿತ್ತು. ಒಮ್ಮೆ ಕೂಡಿಸಿದರೆ ಮುಗಿಯಿತು, ಸಾರಿಗೆ ಬಿದ್ದ ಉಪ್ಪನ್ನು ಮತ್ತೆ ಹೊರಗೆ ತೆಗೆಯಲಾದೀತೇ?

ಇನ್ನೊಂದು ಸ್ವಾರಸ್ಯ ಕೇಳಿ. ಆ ಕಾಲದಲ್ಲಿ ಹೆಚ್ಚು ಮನೆಗಳಲ್ಲಿದ್ದುದು ಒಂದೇ ಸ್ಪೀಕರಿನ ಪೆಟ್ಟಿಗೆ. ಆದ್ದರಿಂದ ತಂಡದವರು ಎದುರು ಕುಳಿತು ಹದ ಹಾಕಿಸಿದ್ದು ಆ ಒಂದು ಸ್ಪೀಕರಿನ ಪಾಕಕ್ಕೆ. ಎರಡು ಸ್ಪೀಕರಿನ ಪಾಕ ಬಹುತೇಕ ಅವರಿಲ್ಲದೆಯೇ ತಯಾರಾಯಿತು. ಮುಂದೆ ಎಲ್ಲರ ಮನೆಗೂ ಎರಡು ಸ್ಪೀಕರು ಬಂದವು, ಜಗತ್ತು ಅವರು ರುಚಿ ನೋಡದ ಪಾಕವನ್ನೇ ಉಂಡಿತು!

2017ರಲ್ಲಿ, ಐವತ್ತು ವರ್ಷ ತುಂಬಿದಾಗ, ಅದನ್ನು ಮತ್ತೆ ಬೆರೆಸಿದರು. ಬೆರೆಸಿದವನು ಜೈಲ್ಸ್ ಮಾರ್ಟಿನ್. ಮೊದಲ ಸಲ ಧ್ವನಿಮುದ್ರಣ ಮಾಡಿಸಿದ ಜಾರ್ಜ್ ಮಾರ್ಟಿನ್ನನ ಮಗ. ತಂದೆಯ ಅಡಿಗೆಮನೆಗೆ ಮಗ ಹೊಕ್ಕಂತಾಯಿತು. ಆತ ಕೂಡಿಸಿದ ಟೇಪುಗಳನ್ನು ಬಿಟ್ಟು, ಕೂಡಿಸುವುದಕ್ಕೂ ಮೊದಲಿನ ಟೇಪುಗಳನ್ನು ಹುಡುಕಿ ತೆಗೆದ. ಅಂದರೆ ಸಾರಿನಿಂದ ಅಲ್ಲ, ಬೇಳೆ, ಖಾರ, ಹುಳಿಯಿಂದಲೇ ಆರಂಭಿಸಿದ. ತಂಡದವರು ಕುಳಿತು ಮಾಡಿಸಿದ್ದ ಹಳೆಯ ಹದವನ್ನೇ ಮಾದರಿಯಾಗಿ ಇಟ್ಟುಕೊಂಡ.

ಕೇಳಿದವರು ಏನೆಂದರು? ಆ ತಟ್ಟೆ ಐವತ್ತು ವರ್ಷಗಳ ಮೇಲೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮತ್ತೆ ಮೊದಲನೆಯ ಸ್ಥಾನಕ್ಕೆ ಏರಿತು. ಡೋಲಿನ ಒಂದೊಂದು ಪೆಟ್ಟೂ ಈಗ ಬಿಡಿಬಿಡಿಯಾಗಿ ಕೇಳುತ್ತದೆಂದು ಬಹಳ ಜನ ಮೆಚ್ಚಿದರು. ನಾವು ಹರೆಯದಲ್ಲಿ ಪ್ರೀತಿಸಿದ್ದು ಇದನ್ನಲ್ಲ ಎಂದು ಹಳೆಯದನ್ನೇ ಅಪ್ಪಿಕೊಂಡವರೂ ಉಂಟು. ಲಂಡನ್ನಿನ ಅತ್ತೆ-ಸೊಸೆಯರಿಗೂ ಇಳಕಲ್ಲಿನ ಅತ್ತೆ-ಸೊಸೆಯರಿಗೂ ಏನು ಅಂತರ, ಹೇಳಿ!

ನಮ್ಮಲ್ಲಿಯೂ ಇಂಥದು ನಡೆದಿದೆ. ಡಾ. ರಾಜಕುಮಾರರ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತುಂಬಿಕೊಂಡು, ಧ್ವನಿಯನ್ನೂ ಹೊಸಗೊಳಿಸಿಕೊಂಡು ಮತ್ತೆ ತೆರೆಗೆ ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಹಾಗೆಯೇ ಬಂತು. ಕಪ್ಪು ಬಿಳುಪಿನಲ್ಲಿ ಕಣ್ಣೀರಿಟ್ಟಿದ್ದ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಬಣ್ಣದಲ್ಲೂ ಕಣ್ಣೀರಿಟ್ಟರು. ಬಣ್ಣ ಯಾವುದಾದರೇನು, ಕಣ್ಣೀರು ಒಂದೇ.

ಮತ್ತೆ ಹಾಡಿದ್ದು

ಮೂರನೆಯದು, ಹಳೆಯ ಪದವನ್ನು ಹೊಸದಾಗಿಯೇ ಹಾಡುವುದು. ಇಳಕಲ್ಲಿನ ಪಡಸಾಲೆಯ ಜಗಳ ಈ ಮೂರನೆಯದಕ್ಕೆ ಸೇರಿದ್ದು.

ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ದನಿಯನ್ನು ಯಾವ ಯಂತ್ರವೂ ಹಿಡಿದಿಲ್ಲ. ಪದಗಳು ಉಳಿದದ್ದು ಭಜನಾಮಂಡಳಿಗಳ ಬಾಯಲ್ಲಿ, ಏಕತಾರಿ, ದಮ್ಮಡಿ, ತಾಳಗಳ ಆಸರೆಯಲ್ಲಿ. ಆಮೇಲೆ ಸಿ. ಅಶ್ವತ್ಥರು ತಮ್ಮ ಕಂಚಿನ ಕಂಠದಲ್ಲಿ, ದೊಡ್ಡ ವಾದ್ಯವೃಂದದೊಡನೆ ಅವನ್ನು ಹಾಡಿದರು. 1990ರಲ್ಲಿ ತೆರೆಗೆ ಬಂದ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಅವರದೇ ಸಂಗೀತ. ಇಂದು ಸೊಸೆಗೆ “ಹಳೇ ಷರೀಫಜ್ಜನ ಪದ ಹಾಕಲೇನ್ರೀ?” ಎಂದು ಕೇಳಿ ಆಕೆ ಹಾಕುವುದು ಅಶ್ವತ್ಥರದನ್ನು. ಆದರೆ ಭಜನೆಯ ಪದ ಕೇಳಿ ಬೆಳೆದವರಿಗೆ ಒಂದು ಕಾಲಕ್ಕೆ ಅದೇ ಹೊಸ ಗದ್ದಲವಾಗಿ ಕೇಳಿದ್ದರೆ ಆಶ್ಚರ್ಯವಿಲ್ಲ! 2008ರಲ್ಲಿ ರಘು ದೀಕ್ಷಿತರ ತಂಡ ತನ್ನ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ರಾಕ್ ಶೈಲಿಯಲ್ಲಿ ಹಾಡಿತು. ಲುಂಗಿ, ಗೆಜ್ಜೆ ಕಟ್ಟಿ ವಿದೇಶದ ವೇದಿಕೆಗಳಲ್ಲೂ ರಘು ಹಾಡಿದರು. ಕನ್ನಡದ ಒಂದಕ್ಷರ ಬಾರದವರೂ ಕುಣಿದರು.

ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋಗಿ ಬಂದವರು ಇನ್ನೊಂದು ಸಂಗತಿ ಯೋಚಿಸಬಹುದು. ಬಸವಣ್ಣನವರ ವಚನಗಳು ಹನ್ನೆರಡನೆಯ ಶತಮಾನದವು. ನಾವು ‘ಹಳೆಯ ಧಾಟಿ’ ಎಂದು ಕೇಳುವ ಗಾಯನವಾದರೋ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಮೊದಲಾದವರು ಇಪ್ಪತ್ತನೆಯ ಶತಮಾನದಲ್ಲಿ ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ್ದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಬನದ ಹುಣ್ಣಿಮೆಯ ಆಸುಪಾಸಿನಲ್ಲಿ, ನಾಟಕ ಕಂಪನಿಗಳು ಈಗಲೂ ಡೇರೆ ಹಾಕುತ್ತವೆ. ಅಲ್ಲಿ ಕಾಲು ಹಾರ್ಮೋನಿಯಮ್ಮಿನ ಮಗ್ಗುಲಿಗೆ ವಿದ್ಯುತ್ತಿನ ಕೀಬೋರ್ಡು ಬಂದು ಕುಳಿತಿತು. ಜನ ನಾಟಕಕ್ಕೆ ಹೋಗುವುದನ್ನು ಬಿಡಲಿಲ್ಲ.

ಅಂದ ಮೇಲೆ ಬದಲಾವಣೆಯೇ ಪಾಪವಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಪದದ ಮಾತು ಕಿವಿಗೆ ಬೀಳುತ್ತದೆಯೋ ಇಲ್ಲವೋ? ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ, ಜೋಳಿಗೆ ಹಿಡಿದು, ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅಂಥ ಊರಿನಲ್ಲಿ ಗುಡುಗುಡಿಯ ಪದ ಕೇಳಿ, ಅದು ತಂಬಾಕಿನ ಹೊಗಳಿಕೆಯೆಂದು ಹುಡುಗರು ಕುಣಿದರೆ ಕೆಟ್ಟಿತು. ಒಳಗಿನ ಕೆಟ್ಟ ಗುಣಗಳನ್ನು ಸುಟ್ಟುಬಿಡು ಎನ್ನುವ ಅದರ ಅರ್ಥ ಹೊಳೆದರೆ ಗಿಟಾರೂ ಒಂದು ಏಕತಾರಿಯೇ. ಮದುವೆ ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಮೇಲೆ ನಮ್ಮ ಸಿಟ್ಟು ಇರುವುದೂ ಇದೇ ಕಾರಣಕ್ಕೆ. ಅಲ್ಲಿ ಎದೆ ನಡುಗುತ್ತದೆ, ಮಾತು ಕೇಳುವುದಿಲ್ಲ.

ಇಳಕಲ್ ಸೀರೆಯನ್ನೇ ನೋಡಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುವುದೇ ಅದರ ಹೆಚ್ಚುಗಾರಿಕೆ. ಕೊಂಡಿ ಗಟ್ಟಿ ಇದ್ದರೆ ಸೆರಗು ಯಾವ ಬಣ್ಣದ್ದಾದರೂ ಒಪ್ಪುತ್ತದೆ. ಕೊಂಡಿ ಬಿಟ್ಟರೆ ಅದು ಸೀರೆಯಲ್ಲ, ಎರಡು ತುಂಡು ಅರಿವೆ.

ಟ್ರಂಕಿನಲ್ಲಿರುವ ದನಿ

ಇನ್ನು ನಿಜವಾಗಿ ನಮ್ಮ ಮನೆಗೆ ಸೇರಿದ ಮಾತು. ಬೀಟಲ್ಸ್ ತಂಡದ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ತನ್ನ ಮನೆಯಲ್ಲಿ ಪಿಯಾನೊ ನುಡಿಸುತ್ತ, ಸಾಧಾರಣ ಕ್ಯಾಸೆಟ್ಟಿನ ಮೇಲೆ ಒಂದು ಹಾಡು ಹಿಡಿದಿಟ್ಟ. 1980ರಲ್ಲಿ ಆತನ ಕೊಲೆಯಾಯಿತು. ಹೆಂಡತಿ ಯೋಕೊ ಓನೊ ಕ್ಯಾಸೆಟ್ಟನ್ನು ಕಾಪಾಡಿಟ್ಟು ಗೆಳೆಯರಿಗೆ ಕೊಟ್ಟಳು. 1995ರಲ್ಲಿ ಅವರು ಅದನ್ನು ಹಾಡಾಗಿ ಪೂರ್ತಿಮಾಡಲು ಹೋಗಿ ಸೋತರು. ದನಿಯೂ ಪಿಯಾನೊವೂ ಬಿಡಿಸಲಾಗದಂತೆ ಕೂಡಿಕೊಂಡಿದ್ದವು. ಮುಂದೆ ಕಂಪ್ಯೂಟರಿಗೆ ಹಂಸದ ಗುಣ ಬಂತು, ನೀರು ಬಿಟ್ಟು ಹಾಲು ಹೀರುವುದನ್ನು ಕಲಿತಿತು. ದನಿ ಬೇರೆಯಾಯಿತು. 2023ರ ನವೆಂಬರಿನಲ್ಲಿ ‘ನೌ ಅಂಡ್ ದೆನ್’ ಎಂಬ ಹೆಸರಿನಲ್ಲಿ ಆ ಹಾಡು ಹೊರಬಂತು. ಸತ್ತು ಹೆಚ್ಚುಕಡಿಮೆ 43 ವರ್ಷಗಳಾದ ಮೇಲೆ ಅವನ ಕಂಠ ಸ್ವಚ್ಛವಾಗಿ ಕೇಳಿತು.

ಇದು ಸಾಧ್ಯವಾದದ್ದು ಯಂತ್ರದಿಂದ ಮಾತ್ರವಲ್ಲ, ಒಬ್ಬ ಹೆಂಗಸು ಒಂದು ಕ್ಯಾಸೆಟ್ಟನ್ನು ಎಸೆಯದೆ ಇಟ್ಟುಕೊಂಡದ್ದರಿಂದ!

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ನವನಗರಕ್ಕೆ ಬಂದ ಕುಟುಂಬಗಳು ಬಾಗಿಲು, ತೊಲೆಗಳನ್ನು ಹೊತ್ತು ತಂದವು, ಪಡಸಾಲೆಯನ್ನು ತರಲಾಗಲಿಲ್ಲ. ಆದರೆ ಟ್ರಂಕಿನ ತಳದಲ್ಲಿ, ತೊಟ್ಟಿಲ ಕಾರ್ಯಕ್ಕೆ ಅವ್ವ ಹಾಡಿದ ಜೋಗುಳದ ಕ್ಯಾಸೆಟ್ ಇದ್ದರೆ ಅದರಲ್ಲಿ ಆ ಪಡಸಾಲೆಯೂ ಇದೆ. ಬೀಸುಕಲ್ಲಿನ ಗುರುಗುರು, ಹೊರಗೆ ಕೂಗಿದ ಕರು, “ಸುಮ್ಮನಿರ್ರೋ” ಎಂದು ಮಕ್ಕಳಿಗೆ ಗದರಿದ ಅಜ್ಜಿ ಎಲ್ಲವೂ ಅದರೊಳಗೆ ಇವೆ. ಸಿನಿಮಾ ಹಾಡಿನ ಪ್ರತಿ ಸಾವಿರಾರು ಇರುತ್ತವೆ. ಅವ್ವನ ಹಾಡಿನದು ಜಗತ್ತಿನಲ್ಲೆಲ್ಲ ಒಂದೇ.

ಅದಕ್ಕಾಗಿ ಕೆಲವು ಕಿವಿಮಾತು:

1. ಕ್ಯಾಸೆಟ್ಟುಗಳನ್ನು ಸ್ಪೀಕರು, ಮೋಟಾರು, ಅಯಸ್ಕಾಂತಗಳಿಂದ ದೂರ, ಒಣಗಿದ ತಂಪು ಜಾಗದಲ್ಲಿ ನಿಲ್ಲಿಸಿ ಇಡಿ. ಒಲೆಯ ಗೋಡೆಯ ಅಟ್ಟ ಬೇಡ.

2. ಮೇಲಂಚಿನ ಎರಡು ಸಣ್ಣ ಚಕ್ಕೆಗಳನ್ನು ಮುರಿದುಬಿಡಿ. ಆಗ ಮಕ್ಕಳು ಕೈತಪ್ಪಿ ಅದರ ಮೇಲೆ ಇನ್ನೊಂದನ್ನು ತುಂಬಲಾಗದು.

3. ಸುರುಳಿ ಸಡಿಲಾಗಿದ್ದರೆ ತೂತಿಗೆ ಪೆನ್ಸಿಲು ತೂರಿಸಿ ಮೆಲ್ಲಗೆ ಬಿಗಿಮಾಡಿ. ಬಿಳಿ ಬೂಜು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ.

4. ನುಡಿಸುವ ಮೊದಲು ಯಂತ್ರದ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ವರ್ಷಗಟ್ಟಲೆ ಮಲಗಿದ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೂ ಓಡಿಸಿ, ಮರಳಿ ಸುತ್ತಿ, ಆಮೇಲೆ ಕೇಳಿ.

5. ಸ್ಪೀಕರಿನ ಮುಂದೆ ಮೊಬೈಲು ಹಿಡಿಯುವ ಬದಲು ಯಂತ್ರದಿಂದ ತಂತಿ ಜೋಡಿಸಿ ಕಂಪ್ಯೂಟರಿಗೆ ಇಳಿಸಿದರೆ ನಾದ ಕೆಡದು. ಪ್ರತಿಯನ್ನು ಎರಡು ಕಡೆ ಇಡಿ. ಯಾರು, ಯಾವಾಗ, ಎಲ್ಲಿ ಹಾಡಿದ್ದೆಂದು ಬರೆದಿಡಿ. ಆಮೇಲೂ ಮೂಲ ಕ್ಯಾಸೆಟ್ ಎಸೆಯಬೇಡಿ. ಮುಂದಿನ ಯಂತ್ರ ಇನ್ನೂ ಜಾಣವಾಗಿರುತ್ತದೆ.

6. ಕ್ಯಾಸೆಟ್ ಇಲ್ಲವೇ? ಅತ್ತೆ ಇದ್ದಾರಲ್ಲ! ಫ್ಯಾನು ಆರಿಸಿ, ಮಿಕ್ಸರು ನಿಲ್ಲಿಸಿ, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟು “ಒಂದ್ ಪದಾ ಅನ್ರೀ” ಎನ್ನಿ. ಹಿನ್ನೆಲೆ ಸಂಗೀತ ಏನೂ ಬೇಡ. ಅದನ್ನು ಮೊಮ್ಮಕ್ಕಳು ಬೇಕಾದರೆ ಸೇರಿಸಿಕೊಳ್ಳಲಿ.

ಮತ್ತೆ ಇಳಕಲ್ಲಿನ ಪಡಸಾಲೆಗೆ ಬರೋಣ. ಗುಡುಗುಡಿಯ ಪದ ಮುಗಿದಿದೆ. ಅತ್ತೆ ದೇವರ ಮನೆಯಿಂದ ಹೊರಗೆ ಬಂದು ಕಂಬಕ್ಕೆ ಒರಗಿ ಕೂಡುತ್ತಾರೆ. “ಹಂಗಲ್ಲವಾ ಅದು, ನಮ್ಮಪ್ಪ ಅಂತಿದ್ದ ಧಾಟೀನೇ ಬ್ಯಾರೆ” ಎನ್ನುತ್ತ ತೊಡೆಯ ಮೇಲೆ ತಾಳ ಹಾಕಿ ಶುರುಮಾಡುತ್ತಾರೆ. ಸೊಸೆ ಹಿಟ್ಟಿನ ಕೈ ಒರೆಸಿಕೊಂಡು, ಮೆಲ್ಲಗೆ ಮೊಬೈಲಿನ ಕೆಂಪು ಗುಂಡಿ ಒತ್ತುತ್ತಾಳೆ.

ಹಂಚಿನ ಮೇಲೆ ಒಂದು ರೊಟ್ಟಿ ಸೀದು ಹೋದರೆ ಹೋಗಲಿ ಬಿಡಿ!