ಮುಕ್ತ ತಂತ್ರಾಂಶದ ಸುರಕ್ಷತಾ ಪ್ರಮಾಣೀಕರಣ

ಮುಕ್ತ ತಂತ್ರಾಂಶದ ಸುರಕ್ಷತಾ ಪ್ರಮಾಣೀಕರಣ ಎಂದರೆ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ವಿಮಾನ, ರೈಲು, ಮೋಟಾರು ವಾಹನ, ವೈದ್ಯಕೀಯ ಉಪಕರಣ ಮುಂತಾದವುಗಳಲ್ಲಿ ಬಳಸುವ ಸಲುವಾಗಿ ಸುರಕ್ಷತಾ ಮಾನಕಗಳಿಗೆ ಅನುಗುಣವಾಗಿ ಸಿದ್ಧಪಡಿಸಿ, ಸ್ವತಂತ್ರ ಪರೀಕ್ಷಕರ ಒಪ್ಪಿಗೆ ಪಡೆಯುವ ಕಾರ್ಯ. ಇಂತಹ ವ್ಯವಸ್ಥೆಗಳಲ್ಲಿ ತಂತ್ರಾಂಶದ ಒಂದು ತಪ್ಪು ಜೀವಹಾನಿಗೆ ಕಾರಣವಾಗಬಹುದು. ಆದುದರಿಂದ ತಂತ್ರಾಂಶವು ಚೆನ್ನಾಗಿ ನಡೆಯುತ್ತಿದೆ ಎಂಬ ಅನುಭವವೊಂದೇ ಸಾಲದು. ಅದನ್ನು ನಂಬಲು ಇರುವ ಕಾರಣಗಳನ್ನು ಲಿಖಿತ ಪುರಾವೆಗಳ ಮೂಲಕ ತೋರಿಸಬೇಕಾಗುತ್ತದೆ. ಗಣಿತದ ಉತ್ತರಪತ್ರಿಕೆಯಲ್ಲಿ ಉತ್ತರ ಸರಿಯಿದ್ದರೂ ಲೆಕ್ಕ ಮಾಡಿದ ಹಂತಗಳನ್ನು ಬರೆಯದವನಿಗೆ ಪೂರ್ಣ ಅಂಕ ದೊರೆಯುವುದಿಲ್ಲ. ಬಹುಪಾಲು ಮುಕ್ತ ತಂತ್ರಾಂಶಗಳ ಸ್ಥಿತಿ ಇದೇ ಆಗಿದೆ. ಬರೆಯದೆ ಬಿಟ್ಟ ಆ ಹಂತಗಳನ್ನು ಒದಗಿಸುವುದೇ ಪ್ರಮಾಣೀಕರಣದ ಸಿದ್ಧತೆಯ ತಿರುಳು.

ಹಿನ್ನೆಲೆ

ಒಂದು ಕಡೆ ಚೆನ್ನಾಗಿ ನಡೆದ ತಂತ್ರಾಂಶ ಇನ್ನೊಂದು ಕಡೆಯೂ ಹಾಗೆಯೇ ನಡೆಯುತ್ತದೆ ಎಂಬ ನಂಬಿಕೆಯ ಅಪಾಯವನ್ನು ಎರಡು ಪ್ರಸಂಗಗಳು ತೋರಿಸಿಕೊಟ್ಟಿವೆ. ಇವು ಮುಕ್ತ ತಂತ್ರಾಂಶಗಳಿಗೆ ಸಂಬಂಧಿಸಿದವಲ್ಲ. ಆದರೆ ಸಿದ್ಧ ತಂತ್ರಾಂಶವನ್ನು ಮರಳಿ ಬಳಸುವವರೆಲ್ಲರಿಗೂ ಅನ್ವಯಿಸುವಂಥವು.

ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರವು 1985ರಿಂದ 1987ರ ಅವಧಿಯಲ್ಲಿ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ನೀಡಿತು. ಅವರಲ್ಲಿ ಕೆಲವರು ಮೃತಪಟ್ಟರು. ಇದಕ್ಕೆ ಕಾರಣವಾದ ತಂತ್ರಾಂಶ ದೋಷಗಳಲ್ಲಿ ಒಂದು ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿಯೂ ಇತ್ತು. ಆ ಯಂತ್ರದಲ್ಲಿ ತಂತ್ರಾಂಶವನ್ನು ಅವಲಂಬಿಸದ ಪ್ರತ್ಯೇಕ ತಡೆಗಳಿದ್ದುದರಿಂದ ದೋಷವು ಯಾರಿಗೂ ಹಾನಿ ಮಾಡದೆ ಅಡಗಿಕೊಂಡಿತ್ತು. ಹೊಸ ಯಂತ್ರದಲ್ಲಿ ಆ ತಡೆಗಳನ್ನು ಕೈಬಿಟ್ಟು, ಅವುಗಳ ಕೆಲಸವನ್ನೂ ತಂತ್ರಾಂಶಕ್ಕೆ ವಹಿಸಲಾಗಿತ್ತು.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳೊಳಗೆ ನಾಶವಾಯಿತು. ಏರಿಯಾನ್ 4ರಿಂದ ತೆಗೆದುಕೊಂಡ ಪಥಸೂಚಕ ತಂತ್ರಾಂಶವು 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸಲು ಹೋಗಿ ವಿಫಲವಾದುದು ಇದಕ್ಕೆ ಕಾರಣ. ಏರಿಯಾನ್ 4ರ ಪಥದಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ತಂತ್ರಾಂಶ ಬದಲಾಗಿರಲಿಲ್ಲ, ಅದನ್ನು ಇರಿಸಿದ ಸನ್ನಿವೇಶ ಬದಲಾಗಿತ್ತು.

ಪ್ರಮುಖ ಮಾನಕಗಳು

ವಿದ್ಯುನ್ಮಾನ ವ್ಯವಸ್ಥೆಗಳ ಸುರಕ್ಷತೆಗೆ ಸಂಬಂಧಿಸಿದ ಸಾಮಾನ್ಯ ಮಾನಕ ಐಇಸಿ 61508. ಇದರ ಎರಡನೆಯ ಆವೃತ್ತಿ 2010ರಲ್ಲಿ ಪ್ರಕಟವಾಯಿತು. ಅಪಾಯದ ತೀವ್ರತೆಗೆ ತಕ್ಕಂತೆ ಇದು ಎಸ್‌ಐಎಲ್ 1ರಿಂದ 4ರವರೆಗೆ ನಾಲ್ಕು ಮಟ್ಟಗಳನ್ನು ಗೊತ್ತುಪಡಿಸುತ್ತದೆ. ರಸ್ತೆ ವಾಹನಗಳಿಗೆ ಐಎಸ್‌ಒ 26262, ವೈದ್ಯಕೀಯ ಉಪಕರಣಗಳ ತಂತ್ರಾಂಶಕ್ಕೆ ಐಇಸಿ 62304, ರೈಲ್ವೆಗೆ ಇಎನ್ 50716, ವಿಮಾನಗಳ ತಂತ್ರಾಂಶಕ್ಕೆ 2011ರ ಡಿಒ-178ಸಿ ಬಳಕೆಯಲ್ಲಿವೆ.

ಅಪಾಯ ಹೆಚ್ಚಿದಂತೆ ಕೇಳುವ ಪುರಾವೆಯೂ ಹೆಚ್ಚುತ್ತದೆ. ಡಿಒ-178ಸಿ ಪ್ರಕಾರ 'ಸಿ' ಮಟ್ಟದ ತಂತ್ರಾಂಶದಲ್ಲಿ ಪ್ರತಿಯೊಂದು ಆದೇಶವೂ ಪರೀಕ್ಷೆಯ ವೇಳೆ ಒಮ್ಮೆಯಾದರೂ ನಡೆದಿರಬೇಕು. 'ಬಿ' ಮಟ್ಟದಲ್ಲಿ ಪ್ರತಿಯೊಂದು ನಿರ್ಣಯದ ಎರಡೂ ಫಲಿತಾಂಶಗಳನ್ನು ಪರೀಕ್ಷಿಸಿರಬೇಕು. ಅತ್ಯಂತ ಕಠಿಣವಾದ 'ಎ' ಮಟ್ಟದಲ್ಲಿ, ನಿರ್ಣಯವೊಂದರ ಒಳಗಿನ ಪ್ರತಿಯೊಂದು ಷರತ್ತೂ ತನ್ನಷ್ಟಕ್ಕೆ ತಾನೇ ಫಲಿತಾಂಶವನ್ನು ಬದಲಿಸಬಲ್ಲದೆಂದು ತೋರಿಸಬೇಕು.

ತೊಡಕುಗಳು

ಈ ಮಾನಕಗಳು ಒಂದು ಕ್ರಮವನ್ನು ನಿರೀಕ್ಷಿಸುತ್ತವೆ. ಮೊದಲು ತಂತ್ರಾಂಶ ಏನು ಮಾಡಬೇಕೆಂಬುದನ್ನು ಬರೆದಿಡಬೇಕು, ಬಳಿಕ ವಿನ್ಯಾಸ, ಅನಂತರ ಸಂಕೇತ ರಚನೆ, ಕೊನೆಗೆ ಪರೀಕ್ಷೆ. ಪ್ರತಿ ಹಂತಕ್ಕೂ ಹೊಣೆಗಾರರಿರಬೇಕು. ಮುಕ್ತ ತಂತ್ರಾಂಶವು ಸಾಮಾನ್ಯವಾಗಿ ಬೇರೆ ರೀತಿಯಲ್ಲಿ ಬೆಳೆಯುತ್ತದೆ. ಸಂಕೇತವೇ ಮೊದಲು ಬರುತ್ತದೆ. ಅದರ ಉದ್ದೇಶವು ಪತ್ರವ್ಯವಹಾರಗಳಲ್ಲಿ, ತಿದ್ದುಪಡಿಗಳ ಟಿಪ್ಪಣಿಗಳಲ್ಲಿ ಚದುರಿಹೋಗಿರುತ್ತದೆ. ಅನೇಕರು ಓದಿ ಪರಿಶೀಲಿಸಿರುವುದು ನಿಜವಾದರೂ ಯಾರು, ಯಾವ ಭಾಗವನ್ನು, ಯಾವ ಅಳತೆಗೋಲಿನಿಂದ ನೋಡಿದರೆಂಬ ದಾಖಲೆ ಸಿಗುವುದು ಕಡಿಮೆ.

ಗಾತ್ರ ಮತ್ತು ವೇಗ ಇನ್ನೊಂದು ತೊಡಕು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ 2020ರ ವೇಳೆಗೆ 2.7 ಕೋಟಿ ಸಾಲುಗಳನ್ನು ಮೀರಿತ್ತು. ಅದರ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಇದಲ್ಲದೆ, ತಂತ್ರಾಂಶವನ್ನು ಯಾವುದೇ ಖಾತರಿಯಿಲ್ಲದೆ ನೀಡಲಾಗುತ್ತಿದೆ ಎಂದು ಮುಕ್ತ ಪರವಾನಗಿಗಳು ಸಾಮಾನ್ಯವಾಗಿ ಸ್ಪಷ್ಟವಾಗಿ ಹೇಳುತ್ತವೆ.

ಅಂಗೀಕೃತ ಮಾರ್ಗಗಳು

ಸಿದ್ಧ ತಂತ್ರಾಂಶದ ಬಳಕೆಗೆ ಐಇಸಿ 61508ರ ಮೂರನೆಯ ಭಾಗವು ಮೂರು ಮಾರ್ಗಗಳನ್ನು ಸೂಚಿಸುತ್ತದೆ. ಮೊದಲನೆಯದು, ತಂತ್ರಾಂಶವನ್ನು ಆರಂಭದಿಂದಲೂ ಮಾನಕಕ್ಕೆ ಅನುಗುಣವಾಗಿ ರಚಿಸಲಾಗಿದೆ ಎಂದು ತೋರಿಸುವುದು. ಎರಡನೆಯದು, ದೀರ್ಘಕಾಲದ ಬಳಕೆಯಲ್ಲಿ ಅದು ವಿಶ್ವಾಸಾರ್ಹವೆಂದು ಸಾಬೀತಾಗಿದೆ ಎಂದು ತೋರಿಸುವುದು. ಮೂರನೆಯದು, ಮಾನಕವನ್ನು ಅನುಸರಿಸದೆ ರಚಿತವಾದ ತಂತ್ರಾಂಶವನ್ನು ಅನಂತರ ಪರಿಶೀಲಿಸಿ, ಇಲ್ಲದಿರುವ ಪುರಾವೆಗಳನ್ನು ಒದಗಿಸುವುದು.

ಕೋಟ್ಯಂತರ ಸಾಧನಗಳಲ್ಲಿ ಬಳಕೆಯಲ್ಲಿರುವ ತಂತ್ರಾಂಶಕ್ಕೆ ಎರಡನೆಯ ಮಾರ್ಗವೇ ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹಿಂದಿನ ಬಳಕೆಯ ಆವೃತ್ತಿ, ಸಂರಚನೆ ಮತ್ತು ಸನ್ನಿವೇಶಗಳು ಮುಂದಿನ ಬಳಕೆಗೆ ಹೊಂದಿಕೆಯಾಗಬೇಕು. ಎದುರಾದ ದೋಷಗಳೆಲ್ಲವೂ ದಾಖಲಾಗಿರಬೇಕು. ಏರಿಯಾನ್ 5ರ ಪಾಠವೂ ಇದೇ. ಆದುದರಿಂದ ಈಗಾಗಲೇ ರಚಿತವಾದ ಮುಕ್ತ ತಂತ್ರಾಂಶಗಳಿಗೆ ಹೆಚ್ಚಾಗಿ ಹೊಂದುವುದು ಮೂರನೆಯ ಮಾರ್ಗ.

ಸಿದ್ಧತೆಯ ಹಂತಗಳು

1. ಎಲ್ಲೆಯ ನಿರ್ಧಾರ: ತಂತ್ರಾಂಶದ ಯಾವ ಭಾಗಗಳು, ಯಾವ ಆವೃತ್ತಿಯಲ್ಲಿ, ಯಾವ ಯಂತ್ರಾಂಶದ ಮೇಲೆ, ಯಾವ ಕೆಲಸಕ್ಕೆ ಬಳಕೆಯಾಗುತ್ತವೆ ಎಂಬುದನ್ನು ಗೊತ್ತುಪಡಿಸಬೇಕು. ಬೇಡದ ಭಾಗಗಳನ್ನು ಹೊರಗಿಟ್ಟಷ್ಟೂ ಪುರಾವೆಯ ಹೊರೆ ಇಳಿಯುತ್ತದೆ.

2. ಅಪಾಯ ವಿಶ್ಲೇಷಣೆ: ತಂತ್ರಾಂಶವು ತಪ್ಪಿದರೆ, ತಡಮಾಡಿದರೆ ಅಥವಾ ಸುಮ್ಮನಾದರೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸಬೇಕು. ಥೆರಾಕ್-25ರ ಅಪಘಾತಗಳನ್ನು ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ನ್ಯಾನ್ಸಿ ಲೆವೆಸನ್ ರೂಪಿಸಿದ ಎಸ್‌ಟಿಪಿಎ ವಿಧಾನ ಇದಕ್ಕೆ ಬಳಕೆಯಲ್ಲಿದೆ.

3. ಅಗತ್ಯಗಳ ನಿರೂಪಣೆ: ತಂತ್ರಾಂಶ ಏನು ಮಾಡಬೇಕೆಂಬುದನ್ನು ಬರೆದು, ಪ್ರತಿಯೊಂದು ಅಗತ್ಯಕ್ಕೂ ಅದನ್ನು ಈಡೇರಿಸುವ ಸಂಕೇತ ಮತ್ತು ಪರೀಕ್ಷೆಯನ್ನು ಜೋಡಿಸಬೇಕು.

4. ಸಂಕೇತದ ನಿಯಮಗಳು: ಸಿ ಭಾಷೆಯಲ್ಲಿ ಅಪಾಯಕಾರಿ ಪ್ರಯೋಗಗಳನ್ನು ತಡೆಯಲು ಮಿಸ್ರಾ ಸಿ ನಿಯಮಾವಳಿಯನ್ನು ಅನುಸರಿಸಲಾಗುತ್ತದೆ. ನಿಯಮ ಮೀರಿದ ಕಡೆ ಕಾರಣವನ್ನು ದಾಖಲಿಸಬೇಕು.

5. ಸಾಧನಗಳ ಪರಿಶೀಲನೆ: ಕಂಪೈಲರ್ ತಪ್ಪಿದರೆ ಸರಿಯಾದ ಸಂಕೇತವೂ ತಪ್ಪು ನಡೆಯಬಹುದು. ಆದುದರಿಂದ ಸಾಧನಗಳ ಅರ್ಹತೆಯನ್ನೂ ಸ್ಥಾಪಿಸಬೇಕು.

6. ಸುರಕ್ಷತಾ ಕೈಪಿಡಿ: ಬಳಸುವವರು ಪಾಲಿಸಬೇಕಾದ ಷರತ್ತುಗಳನ್ನೂ ತಿಳಿದಿರುವ ಮಿತಿಗಳನ್ನೂ ಇದರಲ್ಲಿ ಬರೆಯಬೇಕು.

ಉದಾಹರಣೆಗಳು

ಫ್ರೀಆರ್‌ಟಿಒಎಸ್ ಎಂಬ ಚಿಕ್ಕ ಕಾರ್ಯಾಚರಣ ವ್ಯವಸ್ಥೆಯ ಮಾದರಿಯನ್ನು ಆಧರಿಸಿ, ಮಾನಕದಂತೆ ಹೊಸದಾಗಿ ರಚಿಸಿದ ಸೇಫ್‌ಆರ್‌ಟಿಒಎಸ್ ಪ್ರಮಾಣಪತ್ರ ಪಡೆದಿದೆ. ಆದರೆ ಅದು ವಾಣಿಜ್ಯ ಉತ್ಪನ್ನ. ಆ ಪ್ರಮಾಣಪತ್ರ ಮೂಲ ಮುಕ್ತ ತಂತ್ರಾಂಶಕ್ಕೆ ಸಲ್ಲುವುದಿಲ್ಲ. ಲಿನಕ್ಸ್ ಫೌಂಡೇಶನ್ 2016ರಲ್ಲಿ ಆರಂಭಿಸಿದ ಝೆಫಿರ್ ಯೋಜನೆಯು ಇಡೀ ಸಂಕೇತವನ್ನು ಪ್ರಮಾಣೀಕರಿಸಲು ಹೊರಡದೆ, ಆಯ್ದ ಭಾಗವನ್ನು ಮಾತ್ರ ಅದಕ್ಕೆ ಸಿದ್ಧಪಡಿಸುವ ಮಾರ್ಗ ಹಿಡಿದಿದೆ.

ಸೆಲ್4 ಎಂಬ ಮೈಕ್ರೋಕರ್ನೆಲ್ ಗಾತ್ರವನ್ನು ಮಿತಗೊಳಿಸಿದುದರ ಫಲ. ಸುಮಾರು 8,700 ಸಾಲುಗಳ ಸಿ ಸಂಕೇತವು ತನ್ನ ನಿರೂಪಣೆಗೆ ಅನುಗುಣವಾಗಿದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲಿ ಗಣಿತೀಯವಾಗಿ ಸಾಧಿಸಿದರು. 2014ರಲ್ಲಿ ಅದು ಮುಕ್ತವಾಯಿತು. ಎಸ್‌ಕ್ಯೂಲೈಟ್ ದತ್ತಸಂಚಯವು ವಿಮಾನ ಮಾನಕದಿಂದ ಪ್ರೇರಿತವಾದ ಪರೀಕ್ಷಾ ಕ್ರಮವನ್ನು ಅಳವಡಿಸಿಕೊಂಡಿದೆ. 2023ರಲ್ಲಿ ಅದರ ಸುಮಾರು 1.56 ಲಕ್ಷ ಸಾಲುಗಳ ಸಂಕೇತಕ್ಕೆ 590 ಪಟ್ಟು ಪರೀಕ್ಷಾ ಸಂಕೇತವಿತ್ತು. ರಸ್ಟ್ ಭಾಷೆಯ ಫೆರೋಸೀನ್ ಕಂಪೈಲರ್ 2023ರಲ್ಲಿ ಮುಕ್ತವಾಯಿತು. ಅದೇ ವರ್ಷ ಐಎಸ್‌ಒ 26262 ಹಾಗೂ ಐಇಸಿ 61508ರ ಪ್ರಕಾರ ಅರ್ಹತೆಯನ್ನೂ ಪಡೆಯಿತು.

ನಿರ್ವಹಣೆ ಮತ್ತು ಹೊಣೆಗಾರಿಕೆ

ಪ್ರಮಾಣಪತ್ರವು ನಿರ್ದಿಷ್ಟ ಆವೃತ್ತಿಗೂ ನಿರ್ದಿಷ್ಟ ಬಳಕೆಗೂ ಸೀಮಿತವಾದುದು. ಇದರಿಂದ ಇಕ್ಕಟ್ಟೊಂದು ಹುಟ್ಟುತ್ತದೆ. ಆವೃತ್ತಿಯನ್ನು ಬದಲಿಸದೆ ಇಟ್ಟುಕೊಂಡರೆ ಮುಂದೆ ಪತ್ತೆಯಾಗುವ ದೋಷಗಳು ಹಾಗೆಯೇ ಉಳಿಯುತ್ತವೆ. ಬದಲಿಸಿದರೆ ಪುರಾವೆಗಳನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಆದಕಾರಣ ಪ್ರತಿಯೊಂದು ಬದಲಾವಣೆಯ ಪರಿಣಾಮವನ್ನು ಅಳೆದು, ಪರೀಕ್ಷೆಗಳನ್ನು ಮರಳಿ ನಡೆಸುವ ವ್ಯವಸ್ಥೆಯೂ ಸಿದ್ಧತೆಯ ಭಾಗವೇ ಆಗಿದೆ.

2019ರಲ್ಲಿ ಆರಂಭವಾದ ಎಲಿಸಾ ಯೋಜನೆಯು ಸುರಕ್ಷತಾ ವ್ಯವಸ್ಥೆಗಳಲ್ಲಿ ಲಿನಕ್ಸ್ ಬಳಕೆಗೆ ಬೇಕಾದ ವಿಧಾನಗಳನ್ನೂ ಸಾಧನಗಳನ್ನೂ ರೂಪಿಸುತ್ತಿದೆ. ಆದರೆ ಅಂತಿಮ ವ್ಯವಸ್ಥೆಯ ಸುರಕ್ಷತೆಯ ಹೊಣೆಯನ್ನು ತಾನು ಹೊರಲಾಗದು ಎಂಬುದು ಅದರ ಸ್ಪಷ್ಟ ನಿಲುವು. ಆ ಹೊಣೆ ತಂತ್ರಾಂಶವನ್ನು ತನ್ನ ಉತ್ಪನ್ನದೊಳಗೆ ಸೇರಿಸುವ ತಯಾರಕನದು. ಮುಕ್ತ ತಂತ್ರಾಂಶವು ತಯಾರಕನಿಗೂ ಪರೀಕ್ಷಕನಿಗೂ ಒಳಗಿರುವುದೆಲ್ಲವನ್ನೂ ಓದಿ ನೋಡುವ ಅವಕಾಶ ಕೊಡುತ್ತದೆ. ಓದಿ ನೋಡಿದುದಕ್ಕೆ, ಒಪ್ಪಿದುದಕ್ಕೆ ಸಹಿ ಹಾಕುವ ಕೆಲಸ ಮಾತ್ರ ಅವರಿಗೇ ಉಳಿಯುತ್ತದೆ.