ಬೆನ್ನು ಬಾಗಿದ್ದು ಎಷ್ಟು ಹೊತ್ತು?

ಮಳೆಗಾಲದಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಗದ್ದೆಗಳಲ್ಲಿ ಭತ್ತದ ನಾಟಿ ನಡೆಯುತ್ತದೆ. ಹೆಂಗಸರು ಸಾಲಾಗಿ ಸೊಂಟ ಬಗ್ಗಿಸಿ, ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಾರೆ. ‘ದಿನಕ್ಕೆ ಎಷ್ಟು ಹೊತ್ತು ಬಗ್ಗಿರುತ್ತೀರಮ್ಮ?’ ಎಂದು ಕೇಳಿದರೆ ‘ಬೆಳಿಗ್ಗೆಯಿಂದ ಸಂಜೆವರೆಗೂ’ ಎಂಬ ಉತ್ತರ ಬರಬಹುದು. ಸೊರಬದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರು ‘ನಮ್ಮದು ಕೂತು ಮಾಡುವ ಕೆಲಸ’ ಎನ್ನಬಹುದು. ಬಗ್ಗಿದ ಕತ್ತು ಅವರ ಗಮನಕ್ಕೇ ಬಂದಿರುವುದಿಲ್ಲ. ಈ ಉತ್ತರಗಳು ಸುಳ್ಳಲ್ಲ. ಆದರೆ ಅಳತೆಗಳೂ ಅಲ್ಲ.

ವ್ಯತ್ಯಾಸ ಏಕೆ?

ಸ್ನಾಯು ಮತ್ತು ಕೀಲುಗಳಲ್ಲಿರುವ ಗ್ರಾಹಕಗಳು ಅಂಗಗಳ ಸ್ಥಾನವನ್ನು ಮಿದುಳಿಗೆ ತಿಳಿಸುತ್ತಿರುತ್ತವೆ. ಆದರೆ ಮಿದುಳು ಅದನ್ನು ನಿಮಿಷ ನಿಮಿಷಕ್ಕೂ ಬರೆದಿಡುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳ ವಿದ್ಯುತ್ ಚಟುವಟಿಕೆ ಬಹುಮಟ್ಟಿಗೆ ನಿಂತು, ಭಾರ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಆದ್ದರಿಂದ ಶ್ರಮದ ಅನುಭವವೊಂದೇ ಬಾಗಿದ ಕೋನದ ಅಳತೆಯಾಗಲಾರದು.

ಕುಳಿತಿದ್ದೆವೋ ನಿಂತಿದ್ದೆವೋ ಎಂಬುದನ್ನು ಜನ ಸಾಕಷ್ಟು ಸರಿಯಾಗಿ ಹೇಳುತ್ತಾರೆ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂಬಲ್ಲಿ ತಪ್ಪುತ್ತಾರೆ. 2001ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಶುಚಿಗಾರರು ಹಾಗೂ ಕಚೇರಿ ನೌಕರರ ಉತ್ತರಗಳನ್ನು ಉಪಕರಣಗಳ ಅಳತೆಯೊಂದಿಗೆ ಹೋಲಿಸಿತು. ಕತ್ತು, ಭುಜ ನೋವಿದ್ದವರು ತಮ್ಮ ಕೆಲಸದ ಹೊರೆಯನ್ನು ಹೆಚ್ಚಾಗಿ ಅಂದಾಜಿಸಿದ್ದರು. ಇಲ್ಲಿಯೇ ತೊಡಕು. ಬಗ್ಗಿದ್ದರಿಂದ ನೋವು ಬಂತೋ, ನೋವಿದ್ದುದರಿಂದ ಬಗ್ಗಿದ್ದು ಹೆಚ್ಚೆನಿಸಿತೋ? ಪ್ರಶ್ನಾವಳಿಯೊಂದರಿಂದಲೇ ಇದನ್ನು ತಿಳಿಯಲಾಗದು.

ನೀವೇ ಮಾಡಿ ನೋಡಿ

ಒಪ್ಪಿಗೆ ಪಡೆದು, ಬದುವಿನ ಮೇಲೆ ಗಡಿಯಾರ ಹಿಡಿದು ನಿಲ್ಲಿ. 30 ಸೆಕೆಂಡಿಗೊಮ್ಮೆ ಒಬ್ಬರ ಭಂಗಿಯನ್ನು ‘ನೇರ’ ಅಥವಾ ‘ಬಾಗು’ ಎಂದು ಗುರುತಿಸಿ. ಗಂಟೆಗೆ 120 ಗುರುತುಗಳಾಗುತ್ತವೆ. ಅವುಗಳಲ್ಲಿ 84 ‘ಬಾಗು’ ಎಂದಿಟ್ಟುಕೊಳ್ಳಿ: 84 ÷ 120 = 0.7, ಅಂದರೆ ಸುಮಾರು 42 ನಿಮಿಷ. ಕೆಲಸ ಮುಗಿದ ಮೇಲೆ ಅವರ ಅಂದಾಜನ್ನು ಕೇಳಿ ಹೋಲಿಸಿ. ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆಯಾಗಿ ಗುರುತಿಸಿದರೆ ನೋಡುವವರ ತಪ್ಪೂ ತಿಳಿಯುತ್ತದೆ. ಫಿನ್ಲೆಂಡಿನ ಉಕ್ಕಿನ ಕಾರ್ಖಾನೆಯಲ್ಲಿ ರೂಪುಗೊಂಡು 1977ರಲ್ಲಿ ಪ್ರಕಟವಾದ ‘ಓವಾಸ್’ ವಿಧಾನದ ತಿರುಳೂ ಹೀಗೆ ನೋಡಿ ಗುರುತಿಸುವುದೇ.

ಅವರ ಅಂದಾಜು 42 ನಿಮಿಷಕ್ಕೆ ಹೊಂದದಿದ್ದರೆ ನೋವೂ ಸುಳ್ಳೆಂದು ತೀರ್ಮಾನಿಸಬಾರದು. ಭಂಗಿಯನ್ನು ಗಡಿಯಾರದಿಂದ ಅಳೆಯಬಹುದು. ನೋವನ್ನು ಅನುಭವಿಸಿದವರೇ ಹೇಳಬೇಕು. ಬಿಡುವು ಎಷ್ಟು ಬೇಕು, ಉಪಕರಣ ಹೇಗಿರಬೇಕು ಎಂದು ನಿರ್ಧರಿಸಲು ಎರಡೂ ಬೇಕು.